ಹಳೇ ಅಂಬಾಸಡರ್, ಜೀಪಿಗೆ ಡಿಸ್ಕ್ ಬ್ರೇಕ್: ಕ್ಯಾಲಿಪರ್ ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಬೆಳಗಾವಿ ಬಿಟ್ಟು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಹಳೇ ಅಂಬಾಸಡರಿನ ಬ್ರೇಕ್ ಪೆಡಲ್ ತಿರುವಿನಿಂದ ತಿರುವಿಗೆ ಕೆಳಗಿಳಿಯುತ್ತ ಹೋಗುತ್ತದೆ. ಆಯಿಲ್ ಸೋರಿರುವುದಿಲ್ಲ, ಲೈನರ್ ಸವೆದಿರುವುದಿಲ್ಲ. ಬದಿಗೆ ನಿಲ್ಲಿಸಿ ಅರ್ಧ ತಾಸು ತಣಿಯಲು ಬಿಟ್ಟರೆ ಪೆಡಲ್ ಮತ್ತೆ ಮೇಲೆ ಬರುತ್ತದೆ. ಇದು ಡ್ರಮ್ ಬ್ರೇಕಿನ, ಅಂದರೆ ಗಾಲಿಯ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಲೈನರ್ ಅಂಟಿಸಿದ ಶೂ ಒತ್ತಿ ನಿಲ್ಲಿಸುವ ಬ್ರೇಕಿನ, ಹುಟ್ಟುಗುಣ. ಇದಕ್ಕೆ ಮದ್ದೆಂದು ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿಸುವವರಿದ್ದಾರೆ. ಹಾಕಿಸಿದ ಮೇಲೆ "ಮೊದಲಿನ ಬ್ರೇಕೇ ಚಲೋ ಇತ್ತು" ಎಂದು ಪೇಚಾಡುವವರೂ ಇದ್ದಾರೆ. ಗಾಲಿಯ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಎರಡು ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರ್ ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗ ಮಾತ್ರ. ಗಾಡಿ ಸರಿಯಾಗಿ ನಿಲ್ಲುವುದು ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲ್ ಒತ್ತಡವಾಗಿಸುವ ಭಾಗ), ಬೂಸ್ಟರ್ (ಕಾಲಿನ ಬಲವನ್ನು ವ್ಯಾಕ್ಯೂಮಿನಿಂದ ಹೆಚ್ಚಿಸುವ ಭಾಗ) ಮತ್ತು ಹಿಂದಿನ ಗಾಲಿಗೆ ಹೋಗುವ ಒತ್ತಡ, ಈ ಮೂರರ ಲೆಕ್ಕ ಕೂಡಿದಾಗ.

ಮೊದಲು ಶಾಖದ ಮಾತು. ಗಾಡಿ, ಜನ, ಸಾಮಾನು ಸೇರಿ 1400 ಕಿಲೋ ಎಂದಿಟ್ಟುಕೊಳ್ಳಿ. ಘಾಟಿನಲ್ಲಿ 100 ಮೀಟರ್ ಎತ್ತರ ಇಳಿದರೆ ಸುಮಾರು 1,370 ಕಿಲೋಜೂಲ್ ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ನಾಲ್ಕೂ ಡ್ರಮ್ಮುಗಳ ಬೀಡು ಒಟ್ಟು 30 ಕಿಲೋ ಇದ್ದು, ಅಷ್ಟೂ ಶಾಖ ಅದಕ್ಕೇ ಸೇರಿದರೆ ಬೀಡು 100 ಡಿಗ್ರಿಯಷ್ಟು ಕಾಯುತ್ತದೆ. ಎರಡನೇ ಗಿಯರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲು ಹೊರುತ್ತದೆ, ಗಾಳಿಯೂ ಒಂದಿಷ್ಟು ಒಯ್ಯುತ್ತದೆ. ಬರೀ ಬ್ರೇಕಿನ ಮೇಲೆ ಇಳಿಯುವವರ ಡ್ರಮ್ಮು ಮಾತ್ರ 200, 300 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. 230 ಮಿ.ಮೀ. ವ್ಯಾಸದ ಡ್ರಮ್ 200 ಡಿಗ್ರಿ ಕಾದರೆ ಅರ್ಧ ಮಿ.ಮೀ. ಹಿಗ್ಗುತ್ತದೆ. ಹಿಗ್ಗುವುದು ಶೂವಿನಿಂದ ದೂರಕ್ಕೆ. ಶೂ ಅಷ್ಟು ಹೆಚ್ಚು ದೂರ ಹೋಗಿ ಮುಟ್ಟಬೇಕು, ಅದಕ್ಕೇ ಪೆಡಲ್ ಇಳಿಯುತ್ತದೆ. ಜೊತೆಗೆ ಕಾದ ಲೈನರಿನ ಹಿಡಿತವೂ ತಗ್ಗುತ್ತದೆ.

ಡಿಸ್ಕ್ ಕಾದಾಗ ದಪ್ಪವಾಗುತ್ತದೆ, ಅಂದರೆ ಪ್ಯಾಡಿನ ಕಡೆಗೇ ಬರುತ್ತದೆ. ಎರಡೂ ಮುಖ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ನೀರು ಬಿದ್ದರೂ ಒಂದೆರಡು ಸುತ್ತಿನಲ್ಲಿ ಪ್ಯಾಡೇ ಒರೆಸಿಹಾಕುತ್ತದೆ. ವಿಜಯಪುರದ ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಓಡಾಡಿದ ಜೀಪಿನ ಡ್ರಮ್ ಬಿಚ್ಚಿ ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ: ಒಳಗೆ ಲೈನರ್ ಪುಡಿಯೂ ಕರಿ ಮಣ್ಣೂ ಕಲೆತು ಅಂಟಿನಂತೆ ಕೂತಿರುತ್ತದೆ. ಅದನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತಿತ್ತು, ಆ ಪುಡಿ ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ, ಹಸಿ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎಲ್ಲ ಗಾಡಿಗೂ ಡಿಸ್ಕ್ ಬೇಕೇ ಎಂದು ಕೇಳಿದರೆ ನಮ್ಮ ಉತ್ತರ ಇಲ್ಲ. ಬಾಗಲಕೋಟೆ, ವಿಜಯಪುರದ ಬಯಲು ದಾರಿಯಲ್ಲಿ 60ರ ವೇಗ ದಾಟದೆ ವಾರಕ್ಕೊಮ್ಮೆ ಹೊರಬರುವ ಗಾಡಿಗೆ ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ಮೇ ಸಾಕು. ಘಾಟ್ ಇಳಿಯುವ ಗಾಡಿ, ದೊಡ್ಡ ಎಂಜಿನ್ ಕೂರಿಸಿದ ಗಾಡಿ, ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳ, ಜಮಖಂಡಿ ಕಡೆ ಓಡಾಡುತ್ತ ದೀಪವಿಲ್ಲದ ಟ್ರೇಲರ್ ಎದುರಾದಾಗ ಗಕ್ಕನೆ ನಿಲ್ಲಬೇಕಾದ ಗಾಡಿ, ಇವುಗಳಿಗೆ ಡಿಸ್ಕ್ ಹಾಕಿಸಿದ ಖರ್ಚು ಸಾರ್ಥಕ. ಆದರೆ ಯಾವ ಗಾಡಿಯಾದರೂ ಸರಿ, ಸಿಂಗಲ್ ಮಾಸ್ಟರ್ ಸಿಲಿಂಡರ್ ಇದ್ದರೆ ಮೊದಲ ದುಡ್ಡು ಟ್ಯಾಂಡಮ್ ಮಾಸ್ಟರಿಗೆ ಹೋಗಲಿ. ಸಿಂಗಲ್ ಮಾಸ್ಟರಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಗಾಲಿಗೆ ಬ್ರೇಕ್ ಇಲ್ಲ. ಟ್ಯಾಂಡಮ್‌ನಲ್ಲಿ ಮುಂದಿನದೋ ಹಿಂದಿನದೋ ಒಂದು ಜೋಡಿ ಉಳಿಯುತ್ತದೆ.

ಡಿಸ್ಕ್ ಹಾಕಿದರೆ ಬ್ರೇಕ್ ಏಕೆ ಕಮ್ಮಿಯಾಗುತ್ತದೆ?

ಡ್ರಮ್ಮಿನೊಳಗೆ ತಿರುಗುವ ದಿಕ್ಕಿಗೆ ಮುಖ ಮಾಡಿದ ಶೂವನ್ನು ಡ್ರಮ್ಮೇ ತನ್ನತ್ತ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಶೂವನ್ನು ದೂಡುವ ವೀಲ್ ಸಿಲಿಂಡರ್ ಒತ್ತಿದ್ದು ಒಂದು ಕಿಲೋ ಆದರೆ, ಒಂದೇ ಸಿಲಿಂಡರಿನ ಸಾದಾ ಡ್ರಮ್ಮಿನಲ್ಲಿ ಉಜ್ಜುವ ಬಲ ಸುಮಾರು ಎರಡು ಕಿಲೋ. ಡ್ರಮ್ ಬಿಚ್ಚಿದಾಗ ಮೇಲೊಂದು ಕೆಳಗೊಂದು ಎರಡು ವೀಲ್ ಸಿಲಿಂಡರ್ ಕಂಡರೆ, ಎರಡೂ ಶೂ ಹೀಗೆ ಎಳೆಯಲ್ಪಡುತ್ತವೆ, ಬಲ ಸುಮಾರು ಮೂರು ಕಿಲೋ. ಡಿಸ್ಕಿನಲ್ಲಿ ಈ ಎಳೆತವೇ ಇಲ್ಲ. ಸೈಕಲ್ಲಿನ ರಿಮ್ಮನ್ನು ರಬ್ಬರ್ ಬ್ಲಾಕು ಹಿಡಿದ ಹಾಗೆ ಎರಡು ಬದಿಯಿಂದ ನೇರ ಒತ್ತುವುದು ಅಷ್ಟೇ. ಎರಡು ಮುಖ ಸೇರಿಯೂ ಒಂದು ಕಿಲೋ ಒತ್ತಿಗೆ ಸಿಗುವುದು 0.76 ಕಿಲೋ. ಈ ಕೊರತೆಯನ್ನು ಕ್ಯಾಲಿಪರಿನ ದೊಡ್ಡ ಪಿಸ್ಟನ್ ಮತ್ತು ಹೆಚ್ಚಿನ ಆಯಿಲ್ ಒತ್ತಡ ತುಂಬಿಕೊಡಬೇಕು.

ಅಂಕಿ ಹಾಕಿ ನೋಡೋಣ. ಪೆಡಲ್ ಮೇಲೆ 30 ಕಿಲೋ ಒತ್ತಿದಿರಿ, ಪೆಡಲಿನ ಸನ್ನೆ ಅನುಪಾತ 6 ಎಂದರೆ ಮಾಸ್ಟರ್ ಪಿಸ್ಟನ್ನಿಗೆ 180 ಕಿಲೋ ಬಿತ್ತು. ಮಾಸ್ಟರಿನ ಬೋರ್ (ಒಳ ವ್ಯಾಸ) 7/8 ಇಂಚು, ಅಂದರೆ 22.2 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 3.88 ಚದರ ಸೆಂ.ಮೀ. ಪೈಪಿನಲ್ಲಿ ಏಳುವ ಒತ್ತಡ ಚದರ ಸೆಂ.ಮೀ.ಗೆ 46 ಕಿಲೋ. ಈ ಒತ್ತಡ 1 ಇಂಚಿನ ವೀಲ್ ಸಿಲಿಂಡರುಗಳಿರುವ, ಎರಡು ಸಿಲಿಂಡರಿನ ಡ್ರಮ್ಮಿಗೆ ಹೋದರೆ, 9 ಇಂಚಿನ ಡ್ರಮ್ಮು ಮತ್ತು 300 ಮಿ.ಮೀ. ತ್ರಿಜ್ಯದ ಟಾಯರಿನಲ್ಲಿ, ರಸ್ತೆಗೆ ಬೀಳುವ ಬ್ರೇಕ್ ಬಲ ಗಾಲಿಗೆ ಸುಮಾರು 268 ಕಿಲೋ. ಅದೇ ಒತ್ತಡ 48 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರಿಗೆ ಹೋದರೆ ಪ್ಯಾಡ್ ಒತ್ತು 840 ಕಿಲೋ, ಉಜ್ಜುವ ಬಲ 638 ಕಿಲೋ. ಪ್ಯಾಡಿನ ನಡುಭಾಗ ಗಾಲಿಯ ಮಧ್ಯದಿಂದ 100 ಮಿ.ಮೀ. ದೂರದಲ್ಲಿದ್ದರೆ ರಸ್ತೆಗೆ ಬೀಳುವುದು 213 ಕಿಲೋ.

ಡ್ರಮ್ 268, ಡಿಸ್ಕ್ 213. ಹಳೇ ಮಾಸ್ಟರಿಗೇ ಕ್ಯಾಲಿಪರ್ ಜೋಡಿಸಿ ಗಾಡಿ ಹೊರತಂದವರು ಪೇಚಾಡುವುದು ಈ ಎರಡು ಅಂಕಿಗಳ ನಡುವಿನ ಅಂತರದಿಂದ. ಬೇಕಾದ್ದು ಎಷ್ಟು? 1200 ಕಿಲೋ ಗಾಡಿಯನ್ನು ಒಣ ಡಾಂಬರಿನ ಮೇಲೆ ಜೋರಾಗಿ ನಿಲ್ಲಿಸಲು ಅದರ ತೂಕದ ಶೇ 80ರಷ್ಟು, ಅಂದರೆ 960 ಕಿಲೋ ಬಲ ಬೇಕು. ಅದರಲ್ಲಿ ಶೇ 70, ಅಂದರೆ 670 ಕಿಲೋ, ಮುಂದಿನ ಎರಡು ಗಾಲಿಗಳದು. ಬೂಸ್ಟರ್ ಇಲ್ಲದ ಡಿಸ್ಕ್ ಜೋಡಿ ಕೊಟ್ಟದ್ದು 425.

ಬೂಸ್ಟರ್ ಬಿಟ್ಟು ಬೋರ್ ಸಣ್ಣದು ಮಾಡುವ ದಾರಿಯೂ ಇದೆ. 3/4 ಇಂಚಿನ ಮಾಸ್ಟರ್ ಹಾಕಿದರೆ ಒತ್ತಡ 46ರಿಂದ 63ಕ್ಕೆ ಏರುತ್ತದೆ. ಆದರೆ ಒತ್ತಿಗೊಮ್ಮೆ ಹೊರಡುವ ಆಯಿಲ್ ಅಷ್ಟೇ ಕಡಿಮೆ, ಪೆಡಲ್ ಉದ್ದಕ್ಕೆ ಹೋಗುತ್ತದೆ. ಸ್ವಲ್ಪ ಗಾಳಿ ಸೇರಿದರೂ, ಹಿಂದಿನ ಶೂ ಸ್ವಲ್ಪ ಸಡಿಲವಾದರೂ ನೆಲ ಮುಟ್ಟುತ್ತದೆ. ಮಿಸ್ತ್ರಿಗಳು ಪೆಡಲ್ ಗಟ್ಟಿಯಾಗಲೆಂದು ಇದಕ್ಕೆ ತದ್ವಿರುದ್ಧವಾಗಿ 1 ಇಂಚಿನ ಮಾಸ್ಟರ್ ಹಾಕುವುದೂ ಉಂಟು. ಆಗ ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ, ಒತ್ತಡ 36ಕ್ಕೆ ಕುಸಿದಿರುತ್ತದೆ. ಗಟ್ಟಿ ಪೆಡಲ್ ಒಳ್ಳೆಯ ಬ್ರೇಕಿನ ಗುರುತಲ್ಲ. 7/8 ಇಂಚಿನ ಟ್ಯಾಂಡಮ್ ಮಾಸ್ಟರ್, ಬಲವನ್ನು ಎರಡು ಪಟ್ಟಾದರೂ ಮಾಡುವ ವ್ಯಾಕ್ಯೂಮ್ ಬೂಸ್ಟರ್, ಈ ಜೋಡಿ ಹೆಚ್ಚಿನ ಹಳೇ ಗಾಡಿಗಳಿಗೆ ಒಗ್ಗುತ್ತದೆ.

ಬೂಸ್ಟರಿಗೆ ವ್ಯಾಕ್ಯೂಮ್ ಎಲ್ಲಿಂದ?

ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ ತೂತು ಕೊರೆದು ನಿಪ್ಪಲ್ ಕೂರಿಸಿದರೆ ಆಯಿತು. ಡೀಸೆಲ್ ಎಂಜಿನ್ನಿಗೆ ಗಾಳಿಯ ದಾರಿ ಕಿರಿದು ಮಾಡುವ ಥ್ರಾಟಲ್ ಇಲ್ಲ, ಹಾಗಾಗಿ ಬೂಸ್ಟರ್ ನಡೆಸುವಷ್ಟು ವ್ಯಾಕ್ಯೂಮೂ ಇಲ್ಲ. ನಮ್ಮ ಕಡೆಯ ಜೀಪುಗಳು ಬಹುಪಾಲು ಡೀಸೆಲ್ ಆದ್ದರಿಂದ ಈ ಮಾತು ಮುಖ್ಯ: ಹಿಂಬದಿಗೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಹಾಕಬೇಕು. ಆ ಪಂಪಿಗೆ ಎಂಜಿನ್ ಆಯಿಲ್ ಹೋಗುವ, ಮರಳಿ ಬರುವ ಪೈಪುಗಳನ್ನೂ ಕೂಡಿಸಬೇಕು. ಮರಳುವ ಪೈಪ್ ಮೇಲ್ಮುಖವಾಗಿ ಬಾಗಿದರೆ ಎಂಜಿನ್ ಆಯಿಲ್ ಪಂಪಿನಲ್ಲೇ ನಿಂತು ಬೂಸ್ಟರಿನೊಳಗೆ ಸೇರಬಹುದು. ಬೂಸ್ಟರ್ ಹೋಸ್ ವ್ಯಾಕ್ಯೂಮಿಗೆಂದೇ ಮಾಡಿದ ಗಟ್ಟಿ ಹೋಸ್ ಇರಲಿ. ಪೆಟ್ರೋಲ್ ಪೈಪು ಕಾದಾಗ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ. ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಲೇಬೇಕು. ಘಾಟಿನಲ್ಲಿ ಎಂಜಿನ್ ಬಂದ್ ಬಿದ್ದರೆ ಇನ್ನೂ ಒಂದೆರಡು ಬಲವಾದ ಒತ್ತಿಗೆ ಸಾಕಾಗುವಷ್ಟು ವ್ಯಾಕ್ಯೂಮ್ ಹಿಡಿದಿಡುವುದು ಅದೇ.

ಇನ್ನು ಮಾಸ್ಟರಿನೊಳಗೆ ಅಡಗಿರುವ ಒಂದು ಸಣ್ಣ ವಾಲ್ವು. ಡ್ರಮ್ ಬ್ರೇಕಿನ ಮಾಸ್ಟರ್, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 0.7 ಬಾರ್ ಒತ್ತಡ ಉಳಿಸುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ಗೋಡೆಗೆ ಅಂಟಿಕೊಂಡು ಗಾಳಿ ಒಳಬರದಿರಲೆಂದು ಈ ಏರ್ಪಾಡು. ಶೂವಿಗೆ ಎಳೆದು ಹಿಂದೆ ತರುವ ಸ್ಪ್ರಿಂಗ್ ಇದೆ, ಅದು 0.7 ಬಾರನ್ನು ಲೆಕ್ಕಿಸುವುದಿಲ್ಲ. ಕ್ಯಾಲಿಪರಿಗೆ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ಚೌಕ ಸೀಲ್ ಒತ್ತಿದಾಗ ತುಸು ತಿರುಚಿ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ, ಅಷ್ಟೇ. 0.7 ಬಾರ್ ಉಳಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ, ಡಿಸ್ಕ್ ನೀಲಿಗಟ್ಟುತ್ತದೆ. ಆದ್ದರಿಂದ ಮುಂದಿನ ಲೈನಿನಲ್ಲಿ ಈ ವಾಲ್ವ್ ಇರಕೂಡದು, ಹಿಂದಿನ ಡ್ರಮ್ಮಿನ ಲೈನಿನಲ್ಲಿ ಇರಬೇಕು. ಜೀಪಿನಂತೆ ಮಾಸ್ಟರ್ ನೆಲದಡಿ, ಕ್ಯಾಲಿಪರಿಗಿಂತ ಕೆಳಗಿದ್ದರೆ ಮಾತ್ರ ಮುಂದಿನ ಲೈನಿಗೆ 0.14 ಬಾರಿನ ಸಣ್ಣ ವಾಲ್ವ್ ಹಾಕಬೇಕು, ಇಲ್ಲವಾದರೆ ಆಯಿಲ್ ಕೆಳಗಿಳಿದು ಮೊದಲ ಒತ್ತು ಖಾಲಿ ಹೋಗುತ್ತದೆ.

ಆಯಿಲ್ ಡಬ್ಬಿಯ ಅಳತೆಯನ್ನೂ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು ಅಲ್ಲೇ ನಿಲ್ಲುತ್ತದೆ. ಎರಡು ಪ್ಯಾಡ್ ತಲಾ 8 ಮಿ.ಮೀ. ಸವೆದರೆ 48 ಮಿ.ಮೀ. ಪಿಸ್ಟನ್ನಿನ ಹಿಂದೆ 29 ಮಿ.ಲೀ., ಎರಡು ಗಾಲಿ ಸೇರಿ 58 ಮಿ.ಲೀ. ಆಯಿಲ್ ಡಬ್ಬಿಯಿಂದ ಇಳಿದಿರುತ್ತದೆ. ಡ್ರಮ್ ಕಾಲದ ಪುಟ್ಟ ಡಬ್ಬಿಯಲ್ಲಿ ಅಷ್ಟು ಹೆಚ್ಚುವರಿ ಇರುವುದಿಲ್ಲ.

ಸಾಮಾನು ಮತ್ತು ಬ್ರಾಕೆಟ್

ಅಂಬಾಸಡರಿಗೆ ಸುಲಭದ ದಾರಿ, ಕೊನೆಯ ವರ್ಷಗಳಲ್ಲಿ ಮುಂದೆ ಡಿಸ್ಕ್ ಇದ್ದ ಅಂಬಾಸಡರಿನ ಸ್ಟಬ್ ಆಕ್ಸಲ್ (ಮುಂದಿನ ಗಾಲಿ ಕೂರುವ ಗಿಡ್ಡ ಅಚ್ಚು), ಹಬ್, ಡಿಸ್ಕ್, ಕ್ಯಾಲಿಪರ್, ಬೂಸ್ಟರ್ ಎಲ್ಲವನ್ನೂ ಒಂದೇ ಗಾಡಿಯಿಂದ ಪೂರ್ತಿ ತರುವುದು. ಕಂಪನಿಯವರೇ ಕೂಡಿಸಿದ ಲೆಕ್ಕ ಅದು. ಜೀಪಿಗೆ ಕ್ಯಾಲಿಪರ್ ಆರಿಸುವಾಗ ತೂಕ ಹೊಂದುವ ಗಾಡಿಯದನ್ನೇ ಆರಿಸಿ. ಮಾರುತಿ ಜಿಪ್ಸಿಯ ಡಿಸ್ಕಿಗೂ ಜೀಪಿನಂತೆ 139.7 ಮಿ.ಮೀ. ಪಿಸಿಡಿ (ಗಾಲಿ ಬೋಲ್ಟುಗಳು ಕೂತ ವರ್ತುಲದ ವ್ಯಾಸ) ಇದೆ, ಕೂರುತ್ತದೆ ಕೂಡ; ಆದರೆ ಹಗುರ ಗಾಡಿಗೆಂದು ಮಾಡಿದ ಬ್ರೇಕು ಡೀಸೆಲ್ ಜೀಪಿನ ಭಾರಕ್ಕೆ ಕಮ್ಮಿ. ಬೊಲೆರೋದಂಥ ಗಾಡಿಯ ಕ್ಯಾಲಿಪರ್ ಆದರೆ ಪ್ಯಾಡು ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುತ್ತದೆ ಎಂಬ ಲಾಭವಿದೆ. ಐದು ಬೋಲ್ಟಿನ ಪಿಸಿಡಿ ಅಳೆಯಲು ಅಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ದೂರವನ್ನು 0.588ರಿಂದ ಭಾಗಿಸಿ: ದೂರ 82.1 ಇದ್ದರೆ ಪಿಸಿಡಿ 139.7, ದೂರ 67.2 ಇದ್ದರೆ 114.3. ಘಾಟಿನ ಗಾಡಿಗೆ ನಡುವೆ ಗಾಳಿ ಹಾಯುವ ಎರಡು ಪದರದ ಡಿಸ್ಕೇ ಇರಲಿ.

ಕ್ಯಾಲಿಪರನ್ನು ಹಿಡಿದಿಡುವ ಬ್ರಾಕೆಟ್ ಮಾಡಿಸಲು ಬೆಳಗಾವಿಯವರು ದೂರ ಹೋಗಬೇಕಿಲ್ಲ. ಉದ್ಯಮಬಾಗದ ಲೇಥ್, ಮಿಲ್ಲಿಂಗ್ ಶಾಪುಗಳಲ್ಲಿ ಇದಕ್ಕಿಂತ ಸೂಕ್ಷ್ಮ ಕೆಲಸ ದಿನಾ ನಡೆಯುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟು: 12 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು, ತೂತುಗಳನ್ನು ಕೊರೆದು ರೀಮರ್ ಹಾಕಿದ್ದಿರಬೇಕು, ಗ್ಯಾಸ್ ಕಟ್ಟಿಂಗಿನ ತೂತು ಬೇಡ. ಕ್ಯಾಲಿಪರ್ ಬೋಲ್ಟು ಎಂ 12, ತಲೆಯ ಮೇಲೆ 10.9 ಎಂದು ಕೆತ್ತಿದ್ದು, ಬಿಗಿತ 100ರಿಂದ 110 ನ್ಯೂಟನ್ ಮೀಟರ್. ಸ್ಟಬ್ ಆಕ್ಸಲ್ಲಿಗಾಗಲಿ, ಅದನ್ನು ಎಡಬಲ ತಿರುಗಿಸುವ ಸ್ಟಿಯರಿಂಗ್ ನಕಲ್ಲಿಗಾಗಲಿ ವೆಲ್ಡಿಂಗ್ ಮಾಡಬಾರದು. ಬಡಿದು ಮಾಡಿದ ಉಕ್ಕು ವೆಲ್ಡಿಂಗ್ ಶಾಖಕ್ಕೆ ಬಿರುಸಾಗಿ, ಕೆಲವು ತಿಂಗಳ ನಂತರ ವೆಲ್ಡಿನ ಅಂಚಿಗೇ ಸೀಳುತ್ತದೆ. ಜೀಪಿನಲ್ಲಿ ಡ್ರಮ್ಮಿನ ಶೂಗಳನ್ನು ಹೊರುವ ಬ್ಯಾಕ್ ಪ್ಲೇಟು ಆರು ಬೋಲ್ಟಿನಿಂದ ಕೂತಿರುತ್ತದೆ, ಬ್ರಾಕೆಟ್ ಅದೇ ಜಾಗಕ್ಕೆ ಬರುತ್ತದೆ. ಹಳೇ ಬ್ಯಾಕ್ ಪ್ಲೇಟಿಗಿಂತ ಬ್ರಾಕೆಟ್ ದಪ್ಪ, ಆದ್ದರಿಂದ ಹಳೇ ಬೋಲ್ಟು ಎರಡು ಮೂರು ಥ್ರೆಡ್ಡಿಗಷ್ಟೇ ಸಿಕ್ಕಿ ನಿಲ್ಲುತ್ತದೆ. ಬೋಲ್ಟಿನ ವ್ಯಾಸಕ್ಕೆ ಸಮನಾದಷ್ಟು ಉದ್ದವಾದರೂ ಥ್ರೆಡ್ಡಿನೊಳಗೆ ಹೋಗುವಂಥ ಉದ್ದನೆಯ ಬೋಲ್ಟು ಬೇಕು.

ಡಿಸ್ಕ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. ಓಲಾಟ 0.1 ಮಿ.ಮೀ. ಮೀರಬಾರದು. ಮೀರಿದರೆ ಮೊದಲು ಹಬ್ಬಿನ ಮುಖದ ತುಕ್ಕು ಕೆರೆದು ಮತ್ತೆ ನೋಡಿ. ಬಹಳಷ್ಟು ಸಲ ಡಿಸ್ಕಿನಲ್ಲಿ ದೋಷ ಇರುವುದೇ ಇಲ್ಲ, ಅಡಿಯಲ್ಲಿ ಸಿಕ್ಕ ತುಕ್ಕಿನ ಚೂರು ಕಾರಣ. ನಂತರ ರಿಮ್ ಹಾಕಿ ಕೈಯಿಂದ ತಿರುಗಿಸಿ ನೋಡಿ. ಕ್ಯಾಲಿಪರಿಗೂ ರಿಮ್ಮಿಗೂ ಕಡೇಪಕ್ಷ 3 ಮಿ.ಮೀ. ಸಂದು ಇರಬೇಕು. ಅಂಬಾಸಡರಿನ 15 ಇಂಚಿನ, ಜೀಪಿನ 16 ಇಂಚಿನ ರಿಮ್ಮಿನಲ್ಲಿ ಜಾಗ ಸಾಕಷ್ಟಿದೆ. ಪ್ರೀಮಿಯರ್ ಪದ್ಮಿನಿಯ 14 ಇಂಚಿನಲ್ಲಿ ಇಕ್ಕಟ್ಟು, ಅಲ್ಲಿ ರಿಮ್ ಎದುರಿಗಿಟ್ಟುಕೊಂಡೇ ಕ್ಯಾಲಿಪರ್ ಆರಿಸಬೇಕು.

ಪೈಪಿನ ಕೆಲಸದಲ್ಲಿ ಒಂದು ಮೋಸ ಅಡಗಿದೆ. ಹಳೇ ಗಾಡಿಯ ಯೂನಿಯನ್ ನಟ್ಟು 3/8 ಇಂಚಿನ, ಇಂಚಿಗೆ 24 ಹಲ್ಲಿನ ಥ್ರೆಡ್ಡು. ಹೊಸ ಕ್ಯಾಲಿಪರ್, ಹೊಸ ಮಾಸ್ಟರಿನದು 10 ಮಿ.ಮೀ. ವ್ಯಾಸ, 1 ಮಿ.ಮೀ. ಹಲ್ಲು. 9.5 ಮಿ.ಮೀ.ಯ ನಟ್ಟು 10 ಮಿ.ಮೀ.ಯ ತೂತಿನೊಳಗೆ ಸಲೀಸಾಗಿ ತಿರುಗುತ್ತದೆ, ಪಾನಾಕ್ಕೆ ಬಿಗಿಯೂ ಸಿಕ್ಕಂತಾಗುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಹಲ್ಲು ಕಿತ್ತು ಹೊರಬರುತ್ತದೆ. ಹೊಸ ಪೈಪಿಗೆ ಹೊಸ ನಟ್ಟು ಹಾಕಿಯೇ ತುದಿ ಅರಳಿಸಿ ಫ್ಲೇರ್ ಮಾಡಿಸಿ. ತುದಿ ಗುಳ್ಳೆಯಾಕಾರದ್ದೋ ಎರಡು ಮಡಿಕೆಯದ್ದೋ ಎಂಬುದನ್ನು ಎದುರಿನ ಸೀಟು ನೋಡಿ ನಿರ್ಧರಿಸಿ. ಪೈಪು 4.75 ಮಿ.ಮೀ.ಯ ಉಕ್ಕಿನದ್ದಿರಲಿ. ಬರೀ ತಾಮ್ರದ ಪೈಪು ನಡುಗಿ ನಡುಗಿ ಸೀಳುತ್ತದೆ. ರಬ್ಬರ್ ಹೋಸಿನ ಉದ್ದವನ್ನು ಗಾಡಿ ಜ್ಯಾಕ್ ಮೇಲಿದ್ದು ಗಾಲಿ ಜೋತಾಡುವಾಗ, ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಬೇಕು. ಕೆಲಸದ ನಡುವೆ ಕ್ಯಾಲಿಪರನ್ನು ಹೋಸಿಗೆ ಜೋತುಬಿಡಬೇಡಿ, ತಂತಿ ಕಟ್ಟಿ.

ಗಾಳಿ ತೆಗೆಯುವುದು

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದಿರಲಿ. ಹೊಸದಾಗಿದ್ದಾಗ ಅದು ಕುದಿಯುವುದು 230 ಡಿಗ್ರಿಗೆ, ಗಾಳಿಯ ತೇವ ಹೀರಿದ ಮೇಲೆ 155ಕ್ಕೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಒಂದು ಲೀಟರ್ ತಂದಿಟ್ಟುಕೊಳ್ಳಿ, ಹಳೆಯದು ಪೂರ್ತಿ ಹೊರಬರುವವರೆಗೆ ಹಾಯಿಸಬೇಕು. ಎಂಜಿನ್ ಆಯಿಲ್, ಡೀಸೆಲ್ ಹತ್ತಿದ ಲಾಳಿಕೆಯಿಂದ ಸುರಿದರೆ ಎಲ್ಲ ರಬ್ಬರ್ ಕಿಟ್ಟುಗಳೂ ಉಬ್ಬಿ ಹಾಳಾಗುತ್ತವೆ. ಮಾಸ್ಟರಿಗೆ ಅತಿ ದೂರದ ಗಾಲಿಯಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಎಷ್ಟು ಏರ್ ತೆಗೆದರೂ ಪೆಡಲ್ ಸ್ಪಂಜಿನಂತಿದ್ದರೆ ಮೊದಲು ಕ್ಯಾಲಿಪರಿನ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಎಲ್ಲಿದೆ ನೋಡಿ. ಎಡ ಬಲ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ನಿಪ್ಪಲ್ ಯಾವಾಗಲೂ ತುತ್ತತುದಿಯಲ್ಲಿರಬೇಕು. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ವ್ಯಾಕ್ಯೂಮ್ ಇಲ್ಲ: ಎಂಜಿನ್ ಆರಿಸಿ ನಾಲ್ಕೈದು ಸಲ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ತುಸು ಇಳಿದರೆ ಬೂಸ್ಟರ್ ಸರಿ. ಐದಾರು ಕಿ.ಮೀ. ಓಡಿದ ಮೇಲೆ ಗಾಡಿ ತಾನೇ ಹಿಡಿದುಕೊಳ್ಳತೊಡಗಿದರೆ ಪುಷ್ ರಾಡಿಗೆ ಆಟವಿಲ್ಲ, ಮಾಸ್ಟರಿನ ಮರಳುವ ತೂತು ಮುಚ್ಚಿದೆ, ಕಾದ ಆಯಿಲ್ ಹಿಂದಕ್ಕೆ ಹೋಗಲಾರದೆ ಪ್ಯಾಡನ್ನು ಒತ್ತುತ್ತಿದೆ. ಬೂಸ್ಟರಿಗೂ ಮಾಸ್ಟರಿಗೂ ನಡುವಿನ ರಾಡಿನಲ್ಲಿ ಅರ್ಧ ಮಿ.ಮೀ. ಆಟ ಬಿಡಿ.

ಹಿಂದಿನ ಡ್ರಮ್ಮುಗಳು ಹಾಗೇ ಇರಲಿ. ಅಂಬಾಸಡರಿನ ಹ್ಯಾಂಡ್ ಬ್ರೇಕ್ ಅಲ್ಲೇ ಇದೆ, ಮತ್ತು ಜೋರು ಬ್ರೇಕಿನಲ್ಲಿ ಹಿಂದೆ ಹೆಚ್ಚು ತೂಕ ಉಳಿಯುವುದಿಲ್ಲ. ಅಂಬಾಸಡರಿನ ಗಾಲಿ ಅಂತರ 2464 ಮಿ.ಮೀ., ಭಾರದ ಕೇಂದ್ರ 55 ಸೆಂ.ಮೀ. ಎತ್ತರದಲ್ಲಿದ್ದರೆ ಜೋರು ಬ್ರೇಕಿಗೆ ಗಾಡಿ ತೂಕದ ಶೇ 18 ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. 2032 ಮಿ.ಮೀ.ಯ ಗಿಡ್ಡ ಜೀಪಿನಲ್ಲಿ ಭಾರದ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದ್ದರೆ ಶೇ 26. ಹಗುರವಾದ ಹಿಂದಿನ ಗಾಲಿ ಮುಂಚೆ ಲಾಕ್ ಆದರೆ ಗಾಡಿಯ ಹಿಂಭಾಗ ಮುಂದೆ ಬರಲು ನೋಡುತ್ತದೆ, ಒದ್ದೆ ರಸ್ತೆಯಲ್ಲಿ ಗಿರ್ರನೆ ತಿರುಗುತ್ತದೆ. ಬೂಸ್ಟರ್ ಬಂದಾಗ ಹಿಂದಿನ ಒತ್ತಡವೂ ಏರಿರುತ್ತದೆ ಎಂಬುದನ್ನು ಮರೆಯಬಾರದು. ಇದಕ್ಕಾಗಿ ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ, ತಿರುಗಿಸಿ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಒತ್ತಡ ಅತಿ ಹೆಚ್ಚು ತಗ್ಗುವ ಸ್ಥಿತಿಯಿಂದ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಜನಸಂಚಾರವಿಲ್ಲದ ನೇರ ದಾರಿಯಲ್ಲಿ 30ರ ವೇಗದಿಂದ ಒಮ್ಮೆಲೇ ಒತ್ತಿ, ಬದಿಗೆ ನಿಂತವರು ಯಾವ ಗಾಲಿ ಮೊದಲು ನಿಂತಿತೆಂದು ನೋಡಲಿ. ಮುಂದಿನದೇ ಮೊದಲು ನಿಲ್ಲಬೇಕು. ಒಣ ರಸ್ತೆಯಲ್ಲಿ ಸರಿ ಬಂದ ಮೇಲೆ ಒದ್ದೆ ರಸ್ತೆಯಲ್ಲೂ ನೋಡಬೇಕು.

ಹೊಸ ಪ್ಯಾಡನ್ನು ಪಳಗಿಸಲು 50ರಿಂದ 15ಕ್ಕೆ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ, ನಡುವೆ ಅರ್ಧ ನಿಮಿಷ ಓಡಿಸಿ ತಣಿಸಿ. ಕಾದಾಗ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕಿಗೆ ಅಂಟಿ ಆಮೇಲೆ ಪೆಡಲ್ ನಡುಗುತ್ತದೆ.

ಕಾಗದಪತ್ರದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಕೆಲಸ ಶುರು ಮಾಡುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಯೋಚನೆ ಇದ್ದರೆ ಗಾಡಿ ಮೂಲ ರೂಪದಲ್ಲಿರಬೇಕೆಂಬ ಷರತ್ತು ಇದೆ. ಅಂಥವರು ಸ್ಟಬ್ ಆಕ್ಸಲ್, ಡ್ರಮ್, ಬ್ಯಾಕ್ ಪ್ಲೇಟ್ ಯಾವುದನ್ನೂ ಕೊರೆಯದೆ, ಗುಜರಿಗೆ ಹಾಕದೆ, ಗ್ರೀಸ್ ಸವರಿ ಕಟ್ಟಿಡಬೇಕು. ಬಿಚ್ಚಿ ಮರಳಿ ಹಾಕಬಹುದಾದ ಬ್ರಾಕೆಟ್ಟನ್ನೇ ಮಾಡಿಸಬೇಕು.

500 ಕಿ.ಮೀ. ಓಡಿದ ಮೇಲೆ ಗಾಲಿ ಬಿಚ್ಚಿ, ಬ್ರಾಕೆಟ್ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ಪಾನಾ ಹಾಕಿ ನೋಡಿ. ಬಿಗಿ ಮಾಡಿದಾಗಲೇ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಣ್ಣದ ಗೆರೆ ಎಳೆದಿಟ್ಟಿದ್ದರೆ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ಎರಡು ಕಡೆಯ ಪ್ಯಾಡುಗಳ ದಪ್ಪ ಅಳೆಯಿರಿ: ಒಂದೇ ಕ್ಯಾಲಿಪರಿನ ಒಳ ಪ್ಯಾಡ್ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್ ಹಿಡಿದಿದೆ, ಬಿಚ್ಚಿ ಒರೆಸಿ ರಬ್ಬರಿಗೆ ಹೊಂದುವ ಗ್ರೀಸ್ ಹಾಕಿ. ಬ್ರೇಕ್ ಆಯಿಲ್ಲನ್ನು ಎರಡು ವರ್ಷಕ್ಕೊಮ್ಮೆ, ಘಾಟಿನ ಗಾಡಿಯಾದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿ.